ಖಾಲಿ ಇದೆ ಅಂತ ಹೇಳಬೇಡಿ, ತೋರಿಸಿ

ನಮ್ಮ ಮನೆಯ ಜಗಲಿಯಲ್ಲಿ ನಿಂತು ಮೇಲೆ ನೋಡಿದರೆ ಮಾಡಿನ ಒಂದು ರೀಪಿನಲ್ಲಿ, ಅಂದರೆ ಹೆಂಚು ಕೂರಿಸುವ ಮರದ ಪಟ್ಟಿಯಲ್ಲಿ, ಐದಾರು ಸಣ್ಣ ತೂತು ಕಾಣುತ್ತವೆ. ಒಡೆದ ಹೆಂಚುಗಳನ್ನು ಮರುದಿನವೇ ಬದಲಾಯಿಸಿದೆವು. ರೀಪು ಹಾಗೇ ಉಳಿಯಿತು. ನಾನಾಗ ಏಳನೇ ಕ್ಲಾಸು. ಮಳೆಗಾಲ. ಅಪ್ಪ ರಾತ್ರಿ ಕುಳಾಗರಕ್ಕೆ, ಅಂದರೆ ಅಡಿಕೆ ತೋಟಕ್ಕೆ, ನುಗ್ಗಿದ ಹಂದಿಗಳನ್ನು ಗಾಳಿಯಲ್ಲಿ ಒಂದು ಈಡು ಹೊಡೆದು ಓಡಿಸಿ ಬಂದಿದ್ದ. ಕೋವಿಯನ್ನು ಜಗಲಿ ಕಂಬಕ್ಕೆ ಒರಗಿಸಿ ಕಾಲು ತೊಳೆಯಲು ಹೊರಟಾಗ ಆಯಿ (ಅಮ್ಮ) ಕೇಳಿದಳು, ಖಾಲಿ ಮಾಡಿದ್ರಾ ಅಂತ. "ಖಾಲಿ ಇದ್ದು, ಹೆದ್ರಡ" ಅಂದ.

ಅದು ಜೋಡು ನಳಿಗೆ ಕೋವಿ. ಬಲ ನಳಿಗೆಯ ತೋಟೆ (ಕಾಡತೂಸು) ಹೊಡೆದದ್ದು ಅವನಿಗೆ ನೆನಪಿತ್ತು. ಎಡ ನಳಿಗೆಯದು ಒಳಗೇ ಇತ್ತು. ಕರುವೊಂದು ಹಗ್ಗ ಬಿಚ್ಚಿಕೊಂಡು ಜಗಲಿಗೆ ಹಾರಿತು, ಕೋವಿ ಜಾರಿತು, ಅದರ ಹ್ಯಾಮರ್, ಅಂದರೆ ಈಡು ಹಾರಿಸಲು ಪೆಟ್ಟು ಕೊಡುವ ಸುತ್ತಿಗೆ, ಮೆಟ್ಟಿಲಿನ ಕಲ್ಲಿಗೆ ಬಡಿಯಿತು. ಈಡು ಮಾಡಿಗೆ ಹೋಯಿತು. ಆಯಿ ಎರಡು ಮಾರು ದೂರದಲ್ಲಿ ಲಾಟೀನು ಹಿಡಿದು ನಿಂತಿದ್ದಳು. ಅವಳಿಗೆ ಎಡಗಿವಿ ಅವತ್ತಿನಿಂದ ಸರಿಯಾಗಿ ಕೇಳುವುದಿಲ್ಲ. ಅಷ್ಟಕ್ಕೇ ಮುಗಿಯಿತು ಅನ್ನುವುದು ನಮ್ಮ ಪುಣ್ಯ.

ಈಗ ಅದೇ ಕೋವಿ ನನ್ನ ಹೆಸರಿಗೆ ಬಂದಿದೆ. ನಾವು ಶಿರಸಿ ಕಡೆಯವರು. ಅಪ್ಪ ಗೋವಾದ ಸತ್ತರಿ ತಾಲೂಕಿಗೆ ಬಂದು ಅಡಿಕೆ, ತೆಂಗು, ಗೇರು ಮಾಡಿಕೊಂಡು ನಲವತ್ತು ವರ್ಷ ಆಯಿತು. ನನಗೆ ಲೈಸೆನ್ಸ್ ಸಿಕ್ಕಿದ ಸುದ್ದಿ ಹರಡಿದ ಮೇಲೆ ಇಲ್ಲಿನ ಕನ್ನಡದವರು, ಪುಣೆಯಲ್ಲಿರುವ ತಮ್ಮನ ಸ್ನೇಹಿತರು, ಎಲ್ಲರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. ಏನೇನು ಪೇಪರ್ ಬೇಕು, ಎಷ್ಟು ದಿನ ಆಗುತ್ತದೆ? ತರಬೇತಿ ಹೇಗಿತ್ತು ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೇಪರಿನ ಮಾತು ಬೇಗ ಮುಗಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಎಲ್ಲ ನಡೆಯುತ್ತದೆ. ವಯಸ್ಸು 21 ಆಗಿರಬೇಕು. ಅರ್ಜಿ ಎ-1 ನಮೂನೆಯಲ್ಲಿ. ಪುಣೆ, ಮುಂಬೈಯಂಥ ಕಮಿಷನರೇಟ್ ಇರುವ ಊರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ, ಗೋವಾದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ಜೊತೆಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಮೈ ಮಾತ್ರ ಅಲ್ಲ, ಮನಸ್ಸೂ ಸ್ವಸ್ಥವಾಗಿದೆ, ಕುಡಿತ ಅಥವಾ ಮಾದಕ ವಸ್ತುವಿನ ಚಟ ಇಲ್ಲ ಅಂತ ಡಾಕ್ಟರು ಬರೆದುಕೊಡಬೇಕು. ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅಂತ ನಾವು ಮುಚ್ಚಳಿಕೆ ಕೊಡಬೇಕು. ತರಬೇತಿಯ ಸರ್ಟಿಫಿಕೇಟ್ ಎಸ್-1 ನಮೂನೆಯಲ್ಲಿ. ನಂತರ ನಿಮ್ಮ ಠಾಣೆಯಿಂದ ವಿಚಾರಣೆಗೆ ಬರುತ್ತಾರೆ, ವರದಿ ಹೋಗುತ್ತದೆ. ಲೈಸೆನ್ಸ್ ಆದ ಮೇಲೆ ರಾಷ್ಟ್ರೀಯ ಡೇಟಾಬೇಸಿನಲ್ಲಿ ನಿಮಗೊಂದು ನಂಬರ್ ಸಿಗುತ್ತದೆ, ಯುಐಎನ್ ಅಂತಾರೆ. ಆ ನಂಬರ್ ಇಲ್ಲದ ಲೈಸೆನ್ಸ್ ಈಗ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದಾಗಿದೆ.

ನನ್ನದು ವಾರಸುದಾರಿಕೆಯ ಅರ್ಜಿ. ಲೈಸೆನ್ಸ್ ಇದ್ದವರಿಗೆ 70 ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ನಿಯಮದಲ್ಲಿ ಅವಕಾಶ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಅಜ್ಜ ತೀರಿಕೊಂಡ ಮೇಲೆ ಕೋವಿ ಅಟ್ಟದ ಮೇಲೇ ಇದೆ, ಯಾರ ಹೆಸರಿಗೂ ಮಾಡಿಸಿಲ್ಲ, ಹೀಗೆ ಹೇಳುವವರು ನನಗೇ ಮೂರು ಮನೆಯವರು ಸಿಕ್ಕಿದ್ದಾರೆ. ದಯವಿಟ್ಟು ಹಾಗೆ ಇಟ್ಟುಕೊಳ್ಳಬೇಡಿ. ಲೈಸೆನ್ಸ್ ಇಲ್ಲದ ಕೋವಿ ಮನೆಯಲ್ಲಿ ಇರುವುದೇ ಅಪರಾಧ. ಅದನ್ನು ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ, ರಸೀದಿ ತಗೊಂಡು, ಆಮೇಲೆ ಅರ್ಜಿ ಹಾಕಿ.

ಸತ್ತರಿಯವರಿಗೆ ಇನ್ನೊಂದು ವಿಷಯ. ಇಲ್ಲಿ ಮಹದಾಯಿ ಅಭಯಾರಣ್ಯ ಇದೆಯಲ್ವಾ, 1999ರಲ್ಲಿ ಆದದ್ದು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನರ ಒಪ್ಪಿಗೆ ಮೊದಲೇ ಬೇಕು. ವನ್ಯಜೀವಿ ಕಾಯ್ದೆಯಲ್ಲೇ ಹಾಗಿದೆ. ನನ್ನ ಫೈಲು ಅರಣ್ಯ ಇಲಾಖೆಗೂ ಹೋಗಿ ಬಂತು. ಮತ್ತು ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ತೋಟ ಹಾಳು ಮಾಡಿತು ಅಂತ ಹಂದಿಗೋ ಮಂಗಕ್ಕೋ ಕಾಡುಕೋಣಕ್ಕೋ ನೀವಾಗಿಯೇ ಗುಂಡು ಹೊಡೆಯುವ ಹಾಗಿಲ್ಲ.

ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ ಅಂತಲೂ ಕೇಳುತ್ತಾರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ, 2029ರವರೆಗೆ. ಅದು ಅವರ ಪರಂಪರೆಗೆ ಸಿಕ್ಕ ವಿನಾಯಿತಿ. ಗೋವಾದಲ್ಲಿ ತೋಟ ಇರುವ ನಮ್ಮಂಥವರಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ತರಬೇತಿ. ಅರ್ಜಿಗೆ ಓಡಾಡುವಾಗ ಒಬ್ಬ ಏಜೆಂಟ್ ಸಿಕ್ಕಿದ್ದ. "ಮೇಡಂ, ನೀವು ಬರುವುದೇ ಬೇಡ, ಆಧಾರ್ ಝೆರಾಕ್ಸ್ ಕೊಡಿ, ತರಬೇತಿ ಸರ್ಟಿಫಿಕೇಟ್ ಮನೆಗೆ ಬರುತ್ತದೆ" ಅಂದ. ರೇಟನ್ನೂ ಹೇಳಿದ. ನನಗೆ ಆ ರೀಪಿನ ತೂತುಗಳು ಕಣ್ಣೆದುರು ಬಂದವು. ಸಿಟ್ಟೂ ಬಂತು. ಅವತ್ತು ಅಪ್ಪನಿಗೆ ಯಾರಾದರೂ ಒಂದು ದಿನ ಕೂರಿಸಿ ಕಲಿಸಿದ್ದರೆ ಆಯಿಯ ಕಿವಿ ಉಳಿಯುತ್ತಿತ್ತು. ಅಪ್ಪನ ಕಾಲದಲ್ಲಿ ತರಬೇತಿ ಕಡ್ಡಾಯ ಇರಲಿಲ್ಲ. ಈಗ ಇದೆ. ಇರುವುದನ್ನು ದುಡ್ಡು ಕೊಟ್ಟು ತಪ್ಪಿಸಿಕೊಳ್ಳುವುದು ನನ್ನ ಪ್ರಕಾರ ಮನೆಯವರಿಗೆ ಮಾಡುವ ಮೋಸ.

ನನಗೆ ಕಲಿಸಿದವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು, ಬೆಳಗಾವಿ ಕಡೆಯವರು. ಮೊದಲ ದಿನ ಟೇಬಲ್ ಮೇಲೆ ಒಂದು ಹನ್ನೆರಡು ಬೋರಿನ ಕೋವಿ ಇಟ್ಟು, "ಅಕ್ಕಾರ, ಇದು ಖಾಲಿ ಐತೇನ್ರಿ?" ಅಂತ ಕೇಳಿದರು. ನೀವೇ ಖಾಲಿ ಮಾಡಿ ಇಟ್ಟಿರುತ್ತೀರಲ್ಲ ಸರ್ ಅಂದೆ. ಅವರು ಕೋವಿ ಎತ್ತಲೇ ಇಲ್ಲ. "ಖಾಲಿ ಐತಿ ಅಂತ ಹೇಳಬ್ಯಾಡ್ರಿ. ತೋರಸ್ರಿ" ಅಂದರು. ಬೆಳಗಿನ ಅರ್ಧ ಹೊತ್ತು ಇದೊಂದೇ ಪಾಠ.

ಎತ್ತುವ ಮೊದಲೇ ನಳಿಗೆಯ ಬಾಯಿ ಯಾವ ಕಡೆ ಇದೆ ನೋಡಬೇಕು. ಬೆರಳು ಟ್ರಿಗರಿನ ಹೊರಗೆ, ಮರದ ಮೇಲೆ ಚಾಚಿಕೊಂಡು ಇರಬೇಕು. ಹೆಬ್ಬೆರಳಿನಿಂದ ಮೇಲಿನ ಚಾವಿ ಒತ್ತಿದರೆ ಕೋವಿ ನಡು ಮುರಿದ ಹಾಗೆ ಬಾಗುತ್ತದೆ. ಎರಡು ತೂತು ಕಾಣುತ್ತವೆ. ಒಂದೊಂದಾಗಿ ಬೆರಳು ಹಾಕಿ ಮುಟ್ಟಿ ನೋಡಬೇಕು, ಯಾಕೆಂದರೆ ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತದೆ. ಆಮೇಲೆ ಕೋವಿಯನ್ನು ಬೆಳಕಿಗೆ ಹಿಡಿದು, ತೋಟೆ ಹಾಕುವ ಕಡೆಯಿಂದ ನಳಿಗೆಯೊಳಗೆ ನೋಡಬೇಕು. ಸರಿಯಿದ್ದರೆ ಉದ್ದಕ್ಕೂ ಬೆಳ್ಳಿಯ ಬಳೆ ಜೋಡಿಸಿದ ಹಾಗೆ ಮಿಂಚುತ್ತದೆ, ತುದಿಯಲ್ಲಿ ಒಂದು ಪುಟ್ಟ ಆಕಾಶ. ಎರಡೂ ನಳಿಗೆಯಲ್ಲಿ ಆಕಾಶ ಕಾಣಬೇಕು. ಬೇರೆಯವರ ಕೈಗೆ ಕೊಡುವಾಗ ಹೀಗೆ ಬಾಗಿಸಿಯೇ ಕೊಡಬೇಕು, ತಗೊಳ್ಳುವವರೂ ಇನ್ನೊಮ್ಮೆ ನೋಡಬೇಕು. ಎದುರಿಗೇ ನೋಡಿದ್ದರೂ ಸರಿ, ಇನ್ನೊಮ್ಮೆ. ಇದನ್ನು ನನ್ನಿಂದ ಅವತ್ತು ನಲವತ್ತು ಸಲವಾದರೂ ಮಾಡಿಸಿರಬೇಕು. ಕೊನೆಗೆ ಕೈ ತಾನೇ ಮಾಡತೊಡಗಿತು.

ಎರಡನೆಯ ದಿನ ರೇಂಜಿನಲ್ಲಿ. ಹತ್ತು ಹೆಜ್ಜೆ ದೂರದಲ್ಲಿ ಒಂದು ಹಾಳೆ ಕಟ್ಟಿ ಸುಬೇದಾರರು ಒಂದು ಈಡು ಹೊಡೆದರು. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಸೀಸದ ಗುಂಡುಗಳು, ಕೊಡೆ ಬಿಚ್ಚಿದ ಹಾಗೆ ಹರಡುತ್ತದೆ, ಗುರಿ ಸುಮಾರಾಗಿದ್ದರೂ ನಡೆಯುತ್ತದೆ ಅಂತ ನಾನು ತಿಳಿದಿದ್ದೆ. ಹಾಳೆ ಬಿಚ್ಚಿ ತಂದು ಕೈಗೆ ಕೊಟ್ಟರು. ಅಂಗೈ ಅಗಲದ ಒಂದೇ ತೂತು, ಅಂಚು ಕರಕರ ಹರಿದಿತ್ತು, ಸುತ್ತ ಅಲ್ಲೊಂದು ಇಲ್ಲೊಂದು ಚರೆಯ ಗುರುತು. ಮನೆಯೊಳಗಿನ ದೂರ ಅಂದರೆ ಇಷ್ಟೇ ತಾನೇ? ನಮ್ಮ ಜಗಲಿ ಇದಕ್ಕಿಂತ ಚಿಕ್ಕದು. ಇನ್ನೊಂದು ತುದಿಗೆ ಹೋದರೆ, ಸಣ್ಣ ಚರೆಯೂ 200 ಮೀಟರ್ ಆಚೆ ಹೋಗಿ ಬೀಳಬಹುದು. ಎಸ್‌ಜಿಯಂಥ ದಪ್ಪ ಚರೆ 500 ಮೀಟರನ್ನೂ ದಾಟಬಹುದು. ಕುಳಾಗರದ ಆಚೆ ಯಾರ ಮನೆ ಇದೆ, ಗೇರುಬೀಜ ಆರಿಸುವ ಹೆಂಗಸರು ಯಾವ ದಾರಿಯಲ್ಲಿ ಬರುತ್ತಾರೆ, ಇದು ಗೊತ್ತಿಲ್ಲದೆ ಟ್ರಿಗರಿಗೆ ಬೆರಳು ಹೋಗಬಾರದು. ಗುರಿಯ ಹಿಂದೆ ಏನಿದೆ ಅನ್ನುವುದೂ ಗುರಿಯ ಭಾಗವೇ ಅಂತ ಸುಬೇದಾರರು ಹೇಳಿದ್ದು ನನಗೆ ಆ ಹಾಳೆ ನೋಡಿದ ಮೇಲೆ ಅರ್ಥವಾಯಿತು.

ಮೊದಲ ಈಡಿನಲ್ಲಿ ನಾನು ಎರಡು ಹೆಜ್ಜೆ ಹಿಂದೆ ಹೋದೆ. ಕೋವಿಯ ಬುಡವನ್ನು ತೋಳಿನ ಮೇಲೆ ಇಟ್ಟಿದ್ದೆ, ಭುಜದ ಕುಳಿಗೆ ಸರಿಯಾಗಿ ಒತ್ತಿರಲಿಲ್ಲ. ಮೂರು ದಿನ ನೀಲಿಗಟ್ಟಿತ್ತು. ಮೈ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಕೆನ್ನೆ ಮರಕ್ಕೆ ತಾಗಿರಬೇಕು. ಕಿವಿಗೆ ಇಯರ್ ಮಫ್ ಇಲ್ಲದೆ ಯಾರೂ ಹೊಡೆಯಬೇಡಿ. ಕೋವಿಯ ಸದ್ದು 140 ಡೆಸಿಬೆಲ್ ದಾಟುತ್ತದೆ, ಕಿವಿ ಹಾಳಾಗಲು ಒಂದೇ ಈಡು ಸಾಕು. ನಮ್ಮ ಮನೆಯಲ್ಲೇ ಉದಾಹರಣೆ ಇದೆ.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ? ನಾನು ಕೇಳಿದೆ. ಕೋವಿಯನ್ನು ಕೂಡಲೇ ಬಾಗಿಸಿ ನೋಡುವುದು ಎಲ್ಲರೂ ಮಾಡುವ ತಪ್ಪು. ಕೆಲವೊಮ್ಮೆ ತೋಟೆಯ ಬುಡದಲ್ಲಿರುವ ಕೇಪು ಹೊತ್ತಿ ಮದ್ದು ತಡವಾಗಿ ಹಿಡಿಯುತ್ತದೆ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಅಲುಗದೆ, ಮೂವತ್ತು ಸೆಕೆಂಡ್ ಕಾಯಬೇಕು. ಸದ್ದು ಎಂದಿನ ಹಾಗೆ ಬರದೆ ಬರೀ ಟುಸ್ ಅಂದರೂ ನಿಲ್ಲಿಸಬೇಕು. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ತೋಟೆ ಹೊಡೆದರೆ ನಳಿಗೆ ಸಿಡಿಯುತ್ತದೆ.

ತೋಟೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಅಂತಲೇ ಹೇಳಬೇಕು. ಹನ್ನೆರಡು ಬೋರು ಅಂದರೆ, ಆ ನಳಿಗೆಯ ಅಗಲದ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಕ. ಅದಕ್ಕೇ ಇಪ್ಪತ್ತು ಬೋರು ಅಂದರೆ ಇನ್ನೂ ಸಣ್ಣ ನಳಿಗೆ. ಅಪಾಯ ಇರುವುದು ಇಲ್ಲೇ. ಇಪ್ಪತ್ತು ಬೋರಿನ ತೋಟೆ ಹನ್ನೆರಡು ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಜಾಗ ಖಾಲಿ. ಯಾರೋ ಹನ್ನೆರಡರ ತೋಟೆ ಹಾಕಿ ಹೊಡೆಯುತ್ತಾರೆ, ನಳಿಗೆ ಸಿಡಿಯುತ್ತದೆ. ಇದಕ್ಕಾಗಿಯೇ ಇಪ್ಪತ್ತರ ತೋಟೆಗೆ ಹಳದಿ ಬಣ್ಣ ಹಾಕುವ ರೂಢಿ ಬಂದದ್ದು. ಇನ್ನೊಂದು, ತೋಟೆಯ ಉದ್ದ. ಹಳೆಯ ಕೋವಿಗಳ ಚೇಂಬರ್, ಅಂದರೆ ತೋಟೆ ಕೂರುವ ಜಾಗ, 65 ಮಿಲಿಮೀಟರ್ ಇರುತ್ತದೆ, ಈಗಿನವು 70. ಎಪ್ಪತ್ತರ ತೋಟೆ ಹಳೆಯ ಕೋವಿಯಲ್ಲಿ ಸುಲಭವಾಗಿ ಕೂರುತ್ತದೆ, ಯಾಕೆಂದರೆ ಅದರ ಬಾಯಿ ಮಡಚಿರುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಲು ಜಾಗ ಇರುವುದಿಲ್ಲ, ಒತ್ತಡ ವಿಪರೀತ ಏರುತ್ತದೆ. ಕೂತಿತು ಅಂದರೆ ಸರಿಯಾಯಿತು ಅಂತ ತಿಳಿಯಬೇಡಿ. ನಳಿಗೆಯ ಮೇಲೆ ಏನು ಕೆತ್ತಿದೆ, ತೋಟೆಯ ಡಬ್ಬದ ಮೇಲೆ ಏನು ಬರೆದಿದೆ, ಎರಡನ್ನೂ ಓದಿ. ಅಪ್ಪನ ಡಬ್ಬದಲ್ಲಿದ್ದ ತೋಟೆಗಳ ಹಿತ್ತಾಳೆ ಬುಡದಲ್ಲಿ ಕೆಎಫ್ ಅಂತ ಇತ್ತು. ಅದು ಪುಣೆಯ ಖಡ್ಕಿ ಕಾರ್ಖಾನೆಯ ಗುರುತು, ಹಳೆಯ ಇಂಗ್ಲಿಷ್ ಹೆಸರು ಕಿರ್ಕಿ. 1869ರಿಂದ ಇರುವ ಕಾರ್ಖಾನೆ. ಎಷ್ಟೋ ತೋಟೆಗಳ ಬುಡ ಹಸಿರುಗಟ್ಟಿತ್ತು. ಅವನ್ನೆಲ್ಲ ಡೀಲರಿಗೆ ಒಪ್ಪಿಸಿದೆವು.

ಲೈಸೆನ್ಸ್ ಬರುವ ಮೊದಲು ಆ ಕೋವಿಯನ್ನು ನಾನು ಮುಟ್ಟುವ ಹಾಗಿರಲಿಲ್ಲ. ಆದರೆ ತರಬೇತಿ ಮುಗಿಸಿ ಬಂದ ದಿನ ಅಪ್ಪನಿಗೆ ಹೇಳಿದೆ, ಅಪ್ಪ, ಒಮ್ಮೆ ನಳಿಗೆಯೊಳಗೆ ನೋಡು ಅಂತ. "ನಂಗೆ ಗೊತ್ತಿದ್ದು ಕೂಸೆ, ಮೊನ್ನೆ ಎಣ್ಣೆ ಹಾಕಿದ್ದಿ" ಅಂದ. ಮೊನ್ನೆ ಅಂದರೆ ದೀಪಾವಳಿಗೆ ಮೊದಲು. ಒತ್ತಾಯ ಮಾಡಿದ ಮೇಲೆ ಬಾಗಿಸಿ ಅಂಗಳದ ಬೆಳಕಿಗೆ ಹಿಡಿದ. ಬಲಗಡೆ ಆಕಾಶ ಕಂಡಿತು. ಎಡಗಡೆ ಕಪ್ಪು. ಅಪ್ಪ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು, ಪಂಚೆಯಲ್ಲಿ ಒರೆಸಿ, ಮತ್ತೆ ನೋಡಿದ. ಆಮೇಲೆ ಸಲಾಕೆ ತಂದು ನಿಧಾನವಾಗಿ ತಳ್ಳಿದ. ಒಣ ಮಣ್ಣು ಪುಡಿಪುಡಿಯಾಗಿ ಬಿತ್ತು, ಅದರೊಳಗೆ ಒಣಗಿದ ಹಸಿರು ಹುಳ ಎರಡು. ಕುಂಬಾರ ಹುಳ ಗೂಡು ಕಟ್ಟಿತ್ತು, ನಳಿಗೆಯ ಬಾಯಿಂದ ಒಂದು ಗೇಣು ಒಳಗೆ. ಆ ನಳಿಗೆಯಿಂದ ಒಂದು ಈಡು ಹೊಡೆದಿದ್ದರೆ ನಳಿಗೆ ಸಿಡಿದು ಅಪ್ಪನ ಎಡಗೈ ಹೋಗಬಹುದಿತ್ತು. ಗೋವಾ, ಕೊಂಕಣ, ಮಲೆನಾಡು, ಎಲ್ಲ ಕಡೆ ಈ ಹುಳ ಇದೆ. ನಿಮ್ಮ ಕೋವಿಯನ್ನು ಇವತ್ತೇ ನೋಡಿ.

ಹಳೆಯ ಕೋವಿ ಮನೆಗೆ ಬಂದವರು ಒಮ್ಮೆ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸಲೇಬೇಕು. ನಮ್ಮದರ ಹ್ಯಾಮರನ್ನು ಹಿಂದಕ್ಕೆ ಎಳೆದು ನಿಲ್ಲಿಸದಿದ್ದರೆ ಅದು ಸೀದಾ ಕೇಪಿಗೆ ಹೊಡೆಯುವ ಪಿನ್ನಿನ ಮೇಲೆ ಕೂತಿರುತ್ತದೆ. ಅದಕ್ಕೇ ಅವತ್ತು ಕಲ್ಲಿಗೆ ಬಡಿದದ್ದೇ ಈಡು ಹಾರಿತು. ಇನ್ನು ಕೆಲವು ತುಂಬಾ ಹಳೆಯ ನಳಿಗೆಗಳ ಮೇಲೆ ಚಂದದ ಅಲೆ ಅಲೆ ಗೆರೆ ಇರುತ್ತದೆ, ಡಮಾಸ್ಕಸ್ ನಳಿಗೆ ಅಂತಾರೆ. ಕಪ್ಪು ಮದ್ದಿನ ಕಾಲಕ್ಕೆ ಮಾಡಿದವು. ಅವಕ್ಕೆ ಈಗಿನ ತೋಟೆ ಹಾಕಬಾರದು. ಗೋಡೆಗೆ ಚಂದ, ಭುಜಕ್ಕೆ ಬೇಡ.

ಇಡುವ ವಿಷಯ. ನಾನು ಒಂದು ಉಕ್ಕಿನ ಕಪಾಟು ತಂದು ಗೋಡೆಗೆ ಬೋಲ್ಟ್ ಹಾಕಿಸಿದೆ. ಕೋವಿ ಅಲ್ಲಿ, ತೋಟೆ ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿ, ಎರಡಕ್ಕೂ ಬೇರೆ ಕೀಲಿ. ಕೀಲಿ ಎಲ್ಲಿದೆ ಅಂತ ನನಗೊಬ್ಬಳಿಗೇ ಗೊತ್ತು. ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂತ ನಂಬಿ ಬೀರುವಿನ ಮೇಲೆ ಇಡುವವರಿಗೆ ಒಂದು ಮಾತು. ನಾನು ಚಿಕ್ಕವಳಿದ್ದಾಗ ಅಪ್ಪ ತೋಟೆ ಎಲ್ಲಿಡುತ್ತಾನೆ ಅಂತ ನನಗೂ ತಮ್ಮನಿಗೂ ಚೆನ್ನಾಗಿ ಗೊತ್ತಿತ್ತು. ಅಕ್ಕಿ ಕಣಜದ ಹಿಂದೆ. ಇನ್ನು, ಮನೆಯಲ್ಲಿ ಯಾರಾದರೂ ಬಹಳ ನೊಂದಿದ್ದರೆ, ನಿದ್ದೆ ಬಿಟ್ಟಿದ್ದರೆ, ಬದುಕು ಬೇಡ ಅನ್ನುವ ಮಾತು ಒಮ್ಮೆಯಾದರೂ ಬಂದಿದ್ದರೆ, ಕೀಲಿಯನ್ನೂ ನಂಬಬೇಡಿ. ಕೋವಿಯನ್ನು ಅವತ್ತೇ ಡೀಲರ ಹತ್ತಿರವೋ ಠಾಣೆಯಲ್ಲೋ ಇಡಿ. ಅದಕ್ಕೆ ನಾಚಿಕೆ ಯಾಕೆ? ಚುನಾವಣೆ ಬಂದಾಗ ಹೇಗೂ ಠಾಣೆಗೆ ಒಪ್ಪಿಸುತ್ತೇವೆ, ರಸೀದಿ ತಗೊಳ್ಳುತ್ತೇವೆ. ಹಾಗೇ ಇದೂ.

ಮದುವೆಗೆ, ಜಾತ್ರೆಗೆ ಗಾಳಿಯಲ್ಲಿ ಹೊಡೆಯುವುದನ್ನು 2019ರಿಂದ ಬೇರೆಯೇ ಅಪರಾಧ ಮಾಡಿದ್ದಾರೆ. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬೇಲಿ, ಪಾಗಾರ, ಹಳ್ಳ ದಾಟುವ ಮೊದಲು ತೋಟೆ ತೆಗೆದು ಜೇಬಿಗೆ ಹಾಕಿ. ಸೇಫ್ಟಿ ಕ್ಯಾಚ್ ಹಾಕಿದ್ದೇನೆ ಅನ್ನುವುದು ಸಾಲದು, ಅದೂ ಒಂದು ಸಣ್ಣ ಕಬ್ಬಿಣದ ತುಂಡು, ಸವೆಯುತ್ತದೆ. ಕುಡಿದ ದಿನ ಕಪಾಟಿನ ಬಾಗಿಲೇ ತೆರೆಯಬೇಡಿ.

ನನ್ನ ಲೈಸೆನ್ಸ್ ಬಂದ ಮೇಲೆ ಕೋವಿಯನ್ನು ಅಪ್ಪನ ಪುಸ್ತಕದಿಂದ ನನ್ನದಕ್ಕೆ ದಾಖಲು ಮಾಡಿಸಲು ಇಬ್ಬರೂ ಠಾಣೆಗೆ ಹೋದೆವು. ನಂಬರ್ ಹೊಂದಿಸಿ ನೋಡಬೇಕು ಅಂತ ಕಾನ್‌ಸ್ಟೇಬಲ್ ಕೈ ಚಾಚಿದರು. ಅಪ್ಪ ಕೋವಿಯನ್ನು ಚೀಲದಿಂದ ತೆಗೆದ. ಬಾಯಿಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿದ. ಬಾಗಿಸಿದ. ಬಲಕ್ಕೊಂದು, ಎಡಕ್ಕೊಂದು ಬೆರಳು ಹಾಕಿ ನೋಡಿದ. ಕಿಟಕಿಯ ಬೆಳಕಿಗೆ ಹಿಡಿದು ಎರಡೂ ನಳಿಗೆಯಲ್ಲಿ ಕಣ್ಣಿಟ್ಟ. ಕಾನ್‌ಸ್ಟೇಬಲ್ ಚಾಚಿದ ಕೈ ಚಾಚಿಕೊಂಡೇ ಕಾಯುತ್ತಿದ್ದರು. ಅಪ್ಪ ಅವರಿಗೆ ಕೊಡಲಿಲ್ಲ. ಬಾಗಿಸಿದ ಕೋವಿಯನ್ನು ಹಾಗೇ ನನ್ನ ಕಡೆ ಹಿಡಿದ.

"ನೀನೂ ನೋಡು ಕೂಸೆ, ಎಡಗಡೆದು ಮೊದಲು" ಅಂದ.